ಗೇರ್ ನಾಬೋ, ಲಿವರೋ, ಸ್ಟಿಯರಿಂಗ್ ಕಡ್ಡಿಯೋ?

ಗೇರ್ ಹಾಕಲು ತಿರುಗಿಸುವ ನಾಬ್ ಒಳ್ಳೆಯದೋ, ತಳ್ಳುವ ಲಿವರೋ, ಸ್ಟಿಯರಿಂಗ್ ಪಕ್ಕದ ಕಡ್ಡಿಯೋ? ರಾಯಚೂರಿನಲ್ಲಿ ಎಲೆಕ್ಟ್ರಿಕ್ ಕಾರು ಕೊಳ್ಳಲು ಹೊರಟವರ ಪ್ರಶ್ನೆ ಇದು. ಒಳಗಿನ ಕೆಲಸ ಮೂರರಲ್ಲೂ ಹೆಚ್ಚುಕಡಿಮೆ ಒಂದೇ. ಗೇರ್‌ಬಾಕ್ಸಿಗೆ ಕೇಬಲ್ ಹೋಗುವುದಿಲ್ಲ. ಸಾಮಾನ್ಯವಾಗಿ ಹಾಲ್ ಸೆನ್ಸರ್ ಎಂಬ, ಕಾಂತಕ್ಷೇತ್ರ ಗುರುತಿಸುವ ಪುಟ್ಟ ಸಾಧನ ಅಯಸ್ಕಾಂತದ ಸ್ಥಾನ ಓದಿ ಕಂಟ್ರೋಲ್ ಯೂನಿಟ್‌ಗೆ ತಿಳಿಸುತ್ತದೆ. ರಿವರ್ಸ್ ಹಾಕಿದರೆ, ಮೋಟಾರಿಗೆ ವಿದ್ಯುತ್ ಹದಮಾಡಿ ಕೊಡುವ ಇನ್ವರ್ಟರ್ ಮೋಟಾರನ್ನೇ ಹಿಮ್ಮುಖ ತಿರುಗಿಸುತ್ತದೆ.

ಬಳ್ಳಾರಿಯ ಪೇಟೆ ಬೀದಿಯಲ್ಲಿ ಹಿಂದೆ ಮುಂದೆ ಮಾಡುತ್ತಲೇ ಇರಬೇಕೆಂದರೆ ಲಿವರ್ ಕೈಗೆ ಬೇಗ ಒಗ್ಗುತ್ತದೆ. ಆದರೆ ಬಹಳಷ್ಟು ಲಿವರ್‌ಗಳು ಬಿಟ್ಟ ಕೂಡಲೇ ನಡುವಿಗೆ ಮರಳುತ್ತವೆ. ಅದನ್ನು ನೋಡಿ ಯಾವ ಗೇರ್ ಎಂದು ತಿಳಿಯದು. ಡಿಸ್‌ಪ್ಲೇಯಲ್ಲಿ 'ಆರ್' ಬಂದ ಮೇಲೇ ಬ್ರೇಕ್ ಬಿಡಿ. ಬ್ರೇಕ್ ಸರಿಯಾಗಿ ಒತ್ತದೆ ತಳ್ಳಿದರೆ ಗೇರ್ ಬೀಳುವುದೇ ಇಲ್ಲ. ಹ್ಯುಂಡೈ ಕಂಪನಿಯ ಅಯೋನಿಕ್ 5 ಕಾರಿನಲ್ಲಿರುವಂಥ ಕಡ್ಡಿಗೆ ಕೈ ಸ್ಟಿಯರಿಂಗ್ ಬಿಟ್ಟು ದೂರ ಹೋಗಬೇಕಿಲ್ಲ, ನಡುವಿನ ಜಾಗವೂ ಉಳಿಯುತ್ತದೆ. ಮನೆಯಲ್ಲಿ ನಾಲ್ಕು ಜನ ಓಡಿಸುವುದಾದರೆ ನನ್ನ ಒಲವು ನಾಬ್ ಕಡೆಗೆ: ಕಲಿಯಲು ಸುಲಭ, ಅವಸರಕ್ಕೆ ಮಾತ್ರ ತುಸು ನಿಧಾನ.

ಸಂಡೂರು ಕಡೆಯ ಅದಿರಿನ ಕೆಂಪು ಧೂಳು ನಾಬಿನ ಸುತ್ತಲಿನ ಸಂದಿಯಲ್ಲಿ ಕೂತು ತಿರುಗಿಸುವಾಗ ಬಿಗಿಯೆನಿಸಬಹುದು. ಮೆತ್ತನೆಯ ಒಣ ಬ್ರಷ್‌ನಿಂದ ತೆಗೆಯಿರಿ, ನೀರು ಸಿಂಪಡಿಸಬೇಡಿ. ಪಕ್ಕದಲ್ಲಿಟ್ಟ ಚಹಾ ಚೆಲ್ಲಿದರೂ ಪೆಟ್ಟು ನಾಬಿಗೇ. ಕಡ್ಡಿಗೆ ಈ ಕಾಟ ಕಡಿಮೆ.

ಖರ್ಚಿನಲ್ಲಿ ಆಯ್ಕೆಗೆ ಜಾಗವಿಲ್ಲ: ಕೆಟ್ಟರೆ ಸಾಮಾನ್ಯವಾಗಿ ಇಡೀ ಯೂನಿಟ್ಟೇ ಬದಲು. ಬದಲಿಸುವ ಮುನ್ನ, ಕಾರಿನ ಎಲೆಕ್ಟ್ರಾನಿಕ್ಸ್‌ಗೆ ವಿದ್ಯುತ್ ಕೊಡುವ ಚಿಕ್ಕ 12 ವೋಲ್ಟ್ ಬ್ಯಾಟರಿ ಪರೀಕ್ಷಿಸಿ. ಅದು ಇಳಿದರೆ, ಕಾರು ಓಡಿಸುವ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಪಾರ್ಕ್ ಗೇರ್‌ನಿಂದ ಹೊರಬರುವುದಿಲ್ಲ.