ತಳ ಕಂಡ ಡಬ್ಬಿಗಳು: ಆರು ವರ್ಷದ ನಂತರ ನನ್ನ ಡ್ರಾಯರ್‌ನಲ್ಲಿ ಉಳಿದ ಮೇಕಪ್

ಮೇಕಪ್ ವಿಮರ್ಶೆಗಳಲ್ಲಿ ಹೆಚ್ಚಿನವು ಡಬ್ಬಿ ತೆರೆದ ದಿನದ ಸಂಭ್ರಮದಲ್ಲೇ ಮುಗಿದುಹೋಗುತ್ತವೆ. ಲಿಪ್‌ಸ್ಟಿಕ್‌ನ ತುದಿ ಇನ್ನೂ ಚೂಪಾಗಿರುತ್ತದೆ, ಪೌಡರ್ ಮೇಲಿನ ಅಚ್ಚು ಅಳಿಸಿರುವುದಿಲ್ಲ, ಮುಂಗೈ ಮೇಲೆ ನಾಲ್ಕು ಗೆರೆ ಎಳೆದು ಫೋಟೋ ತೆಗೆದರೆ ಆಯಿತು. ಆ ದಿನ ಯಾವುದು ತಾನೇ ಚೆನ್ನಾಗಿ ಕಾಣಲ್ಲ? ಹಾಗಾಗಿ ನಾನು ಬರೆಯುತ್ತಿರುವುದು ಬಳಸಿ ಬಳಸಿ ತಳ ಕಂಡ ಡಬ್ಬಿಗಳ ಬಗ್ಗೆ. ಆರು ವರ್ಷದಲ್ಲಿ ಕೊಂಡದ್ದು ಒಂದು ಡ್ರಾಯರ್ ತುಂಬ. ಪೂರ್ತಿ ಮುಗಿಸಿ, ಮತ್ತೆ ಅದನ್ನೇ ಕೊಂಡದ್ದು ಬೆರಳಲ್ಲಿ ಎಣಿಸುವಷ್ಟು.

ಮೊದಲು ನನ್ನ ಚರ್ಮದ ಲೆಕ್ಕ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಉಳಿದ ಮಾತಿಗೆ ಬೆಲೆಯಿಲ್ಲ. ಗೋಧಿ ಬಣ್ಣಕ್ಕಿಂತ ಒಂದೆರಡು ಛಾಯೆ ಗಾಢ, ಒಳಗೆ ಹಳದಿ ಛಾಯೆ. ಹಣೆ, ಮೂಗು ಮಧ್ಯಾಹ್ನದ ಹೊತ್ತಿಗೆ ಎಣ್ಣೆ ಬಿಡುತ್ತವೆ. ಕೆನ್ನೆ ಮಾತ್ರ ಒಣ. ಬಾಯಿಯ ಸುತ್ತ ಸ್ವಲ್ಪ ಕಪ್ಪು. ನಿಮ್ಮದು ಇದಕ್ಕೆ ತದ್ವಿರುದ್ಧವಾದ ಚರ್ಮವಾದರೆ ಫೌಂಡೇಶನ್ (ಮುಖದ ಬಣ್ಣ ಸಮ ಮಾಡಲು ಹಚ್ಚುವುದು) ಭಾಗ ಬಿಟ್ಟು ಲಿಪ್‌ಸ್ಟಿಕ್‌ಗೆ ಹಾರಬಹುದು.

ಫೌಂಡೇಶನ್ನಲ್ಲಿ ನಾನು ಸೋತಷ್ಟು ಬೇರೆಲ್ಲೂ ಸೋತಿಲ್ಲ. ಮೊದಲ ಬಾಟಲಿ (ಕಂಪನಿ ಹೆಸರು ಬೇಡ, ತಪ್ಪು ಅರ್ಧ ನನ್ನದೂ ಇತ್ತು) ಅಂಗಡಿಯ ಬೆಳಕಲ್ಲಿ ಮಣಿಕಟ್ಟಿನ ಮೇಲೆ ಹಚ್ಚಿ ನೋಡಿ ಕೊಂಡದ್ದು. ಬೆಳಿಗ್ಗೆ ಹಚ್ಚಿದಾಗ ಸರಿಯಾಗೇ ಇತ್ತು. ಮಧ್ಯಾಹ್ನ ತಂಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಕ್ಕ, ಮುಖ ಒಬ್ಬರದು, ಕುತ್ತಿಗೆ ಇನ್ನೊಬ್ಬರದು ಇದ್ದ ಹಾಗಿದೆಯಲ್ಲೇ" ಅಂದಳು. ಕನ್ನಡಿ ನೋಡಿದರೆ ಮುಖ ಇಟ್ಟಿಗೆ ಕಿತ್ತಳೆ.

ಇದಕ್ಕೆ ಮೇಕಪ್ ಮಂದಿ ಆಕ್ಸಿಡೈಸ್ ಆಯಿತು, ಅಂದರೆ ಗಾಳಿಯ ಆಮ್ಲಜನಕ ತಾಗಿ ಬಣ್ಣ ಬದಲಾಯಿತು ಅನ್ನುತ್ತಾರೆ. ಆದರೆ ಫೌಂಡೇಶನ್‌ಗೆ ಬಣ್ಣ ಕೊಡುವ ಕೆಂಪು, ಹಳದಿ, ಕಪ್ಪು ಪುಡಿಗಳು ಐರನ್ ಆಕ್ಸೈಡ್‌ಗಳೇ. ಹೆಸರಲ್ಲೇ ಇದೆ, ಅವು ಆಗಲೇ ಆಕ್ಸೈಡ್. ಗಾಢವಾಗಿ ಕಾಣಲು ದೊಡ್ಡ ಕಾರಣ ಬೇರೆ. ಹಚ್ಚಿದ ಮೇಲೆ ಅದರಲ್ಲಿನ ನೀರು, ಬೇಗ ಆವಿಯಾಗುವ ಸಿಲಿಕೋನ್ ಹಾರಿಹೋಗಿ ಬಣ್ಣದ ಪುಡಿ ಒತ್ತಾಗಿ ಕೂರುತ್ತದೆ. ಅದರ ಮೇಲೆ ಚರ್ಮದ ಎಣ್ಣೆ ಒಸರಿ ಪುಡಿಯನ್ನು ನೆನೆಸುತ್ತದೆ. ಒಣ ಬಟ್ಟೆಗಿಂತ ಒದ್ದೆ ಬಟ್ಟೆ ಕಪ್ಪಾಗಿ ಕಾಣುವುದಿಲ್ಲವೇ, ಹಾಗೆ. ಎಣ್ಣೆ ಚರ್ಮದವರಿಗೇ ಈ ಕಾಟ ಜಾಸ್ತಿ ಅನ್ನುವುದೂ ಇದಕ್ಕೆ ಹೊಂದುತ್ತದೆ.

ಅಂದಿನಿಂದ ಮಣಿಕಟ್ಟಿನ ಮೇಲೆ ನೋಡುವುದನ್ನೇ ಬಿಟ್ಟೆ. ದವಡೆಯಿಂದ ಕುತ್ತಿಗೆಗೆ ಇಳಿಯುವ ಹಾಗೆ ಮೂರು ಶೇಡ್ ಗೆರೆ ಎಳೆದುಕೊಂಡು, ಹೊರಗೆ ಹಗಲ ಬೆಳಕಿಗೆ ಬಂದು, ಎರಡು ಗಂಟೆ ಬಿಟ್ಟು ನೋಡುತ್ತೇನೆ. ಮುಖದ ಮೇಲೆ ಮೂರು ಪಟ್ಟೆ ಹೊತ್ತು ತಿರುಗುವಾಗ ಜನ ನೋಡುತ್ತಾರೆ, ನೋಡಲಿ. ಮಾಯವಾದ ಗೆರೆಯೇ ನಿಮ್ಮ ಶೇಡ್. ಇನ್ನು ಮುಂಗೈ ನರ ಹಸಿರು ಕಂಡರೆ ಹಳದಿ ಛಾಯೆ, ನೀಲಿ ಕಂಡರೆ ಗುಲಾಬಿ ಛಾಯೆ ಅನ್ನುವ ಪರೀಕ್ಷೆಯನ್ನು ನಾನು ನಂಬುವುದಿಲ್ಲ. ನನ್ನ ಒಂದೇ ಕೈಯಲ್ಲಿ ಎರಡೂ ಬಣ್ಣ ಕಾಣುತ್ತವೆ.

ಈ ಪರೀಕ್ಷೆ ಗೆದ್ದು ಬಂದದ್ದು ಮೇಬಲಿನ್ ಫಿಟ್ ಮಿ ಮ್ಯಾಟ್ ಪ್ಲಸ್ ಪೋರ್‌ಲೆಸ್. ಈಗ ಐದನೇ ಬಾಟಲಿ ನಡೆಯುತ್ತಿದೆ. 30 ಮಿಲಿ ನನಗೆ ಐದಾರು ತಿಂಗಳು ಬರುತ್ತದೆ, ವಾರಕ್ಕೆ ನಾಲ್ಕು ದಿನ ಹಚ್ಚಿದರೆ. ತೆಳುವಾಗಿ ಕೂರುತ್ತದೆ, ಚರ್ಮ ಚರ್ಮದ ಹಾಗೇ ಕಾಣುತ್ತದೆ. ಹೆಸರೇ ಹೇಳುವಂತೆ ಇದು ಎಣ್ಣೆ ಚರ್ಮಕ್ಕೆ ಮಾಡಿದ್ದು. ಹಾಗಾಗಿ ಒಣ ಕೆನ್ನೆಗೆ ಮೊದಲು ಮಾಯಿಶ್ಚರೈಸರ್ ಹಚ್ಚಿ ಹತ್ತು ನಿಮಿಷ ಬಿಡುತ್ತೇನೆ. ವಿಶೇಷ ದಿನಗಳಿಗೆ ಫೆಂಟಿ ಬ್ಯೂಟಿಯ ಪ್ರೋ ಫಿಲ್ಟರ್ ಸಾಫ್ಟ್ ಮ್ಯಾಟ್. 2017ರಲ್ಲಿ ಗಾಯಕಿ ರಿಹಾನಾ ಈ ಬ್ರ್ಯಾಂಡ್ ಶುರು ಮಾಡಿದಾಗ ಒಟ್ಟಿಗೇ 40 ಶೇಡ್ ತಂದದ್ದು ದೊಡ್ಡ ಸುದ್ದಿಯಾಗಿತ್ತು. ನನ್ನಂಥವರಿಗೆ ಅದು ಬರೀ ಸುದ್ದಿಯಲ್ಲ. ಅದಕ್ಕೆ ಮುಂಚೆ ಎಷ್ಟೋ ಕಡೆ ಬಿಳಿಯಲ್ಲಿ ಹತ್ತು ಬಗೆ, ಕಂದಿನಲ್ಲಿ ಎರಡು, ಆ ಎರಡರ ನಡುವೆ ನಾವು. ಇದು ಬೇಗ ಒಣಗುತ್ತದೆ, ಕೈ ಚುರುಕಿರಬೇಕು. ಒಂದು ಕೆನ್ನೆ ಮುಗಿಸಿ ಇನ್ನೊಂದಕ್ಕೆ ಹೋಗಿ.

ಫೌಂಡೇಶನ್‌ನಲ್ಲೇ ಎಸ್‌ಪಿಎಫ್ (ಬಿಸಿಲಿನಿಂದ ಕಾಯುವ ಗುಣದ ಅಳತೆ) ಇದೆ, ಸನ್‌ಸ್ಕ್ರೀನ್ ಬೇಕಿಲ್ಲ ಅಂದುಕೊಳ್ಳುವವರಿಗೆ ಒಂದು ಮಾತು. ಡಬ್ಬಿ ಮೇಲಿನ ಎಸ್‌ಪಿಎಫ್ ಸಂಖ್ಯೆಯನ್ನು ಅಳೆಯುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರ್‌ಗೆ 2 ಮಿಲಿಗ್ರಾಂ ಹಚ್ಚಿರುತ್ತಾರೆ. ಅಷ್ಟು ದಪ್ಪ ಫೌಂಡೇಶನ್ ಮೆತ್ತಿಕೊಂಡರೆ ಮುಖವಾಡ ಹಾಕಿದ ಹಾಗಾಗುತ್ತದೆ, ತೆಳುವಾಗಿ ಹಚ್ಚಿದರೆ ಡಬ್ಬಿ ಮೇಲೆ ಬರೆದಷ್ಟು ರಕ್ಷಣೆ ಸಿಗುವುದಿಲ್ಲ. ಸನ್‌ಸ್ಕ್ರೀನ್ ಬೇರೆ, ಕೆಳಗೆ, ಮೊದಲು.

ಈಗ ತುಟಿಗೆ ಬರೋಣ, ನನಗೆ ಇಷ್ಟದ ಜಾಗ.

ನನ್ನ ಅತಿ ಪ್ರೀತಿಯ ಲಿಪ್‌ಸ್ಟಿಕ್ ನನಗಿಂತ ಹಿರಿಯದು. ಕ್ಲಿನಿಕ್ ಕಂಪನಿಯ ಬ್ಲ್ಯಾಕ್ ಹನಿ ಮೊದಲು ಬಂದದ್ದು 1971ರಲ್ಲಿ, ಪುಟ್ಟ ಡಬ್ಬಿಯ ಲಿಪ್ ಗ್ಲಾಸ್ (ತುಟಿಗೆ ಹೊಳಪು ಕೊಡುವ ಬಣ್ಣ) ಆಗಿ. ಈಗಿರುವ ಆಲ್ಮೋಸ್ಟ್ ಲಿಪ್‌ಸ್ಟಿಕ್ ರೂಪ 1989ರದು. ಕಡ್ಡಿಯಲ್ಲಿ ನೋಡಿದರೆ ಹೆಪ್ಪುಗಟ್ಟಿದ ರಕ್ತದ ಹಾಗೆ ಕಪ್ಪು, ಯಾರು ಹಚ್ಚುತ್ತಾರಪ್ಪಾ ಅನಿಸುತ್ತದೆ. ತುಟಿಗೆ ತಾಗಿದರೆ ಪಾರದರ್ಶಕ ನೇರಳೆಗೆಂಪು. ತುಟಿಯ ಸ್ವಂತ ಬಣ್ಣ ಅದನ್ನು ಹಾದು ಕಾಣುವುದರಿಂದ ನನ್ನ ಮೇಲೆ ಒಂದು ಬಣ್ಣ, ತಂಗಿಯ ಮೇಲೆ ಇನ್ನೊಂದು. ಕನ್ನಡಿಯಿಲ್ಲದೆ ಹಚ್ಚಬಹುದಾದ ಲಿಪ್‌ಸ್ಟಿಕ್ ನನಗೆ ಗೊತ್ತಿರುವುದು ಇದೊಂದೇ. ಒಂದು ಲೋಟ ನೀರು ಕುಡಿದರೆ ಅರ್ಧ ಲೋಟಕ್ಕೆ ಅಂಟುತ್ತದೆ, ಅದು ಇಂಥ ತೆಳು ಲಿಪ್‌ಸ್ಟಿಕ್‌ಗಳ ಜಾತಿಗುಣ. ಮೂರನೆಯದು ಮುಗಿಯುತ್ತಾ ಬಂದಿದೆ.

ಕೆಂಪಿಗೆ ಮ್ಯಾಕ್‌ನ ರೂಬಿ ವೂ, 1999ರಿಂದ ಇದೆ. ನೀಲಿ ಛಾಯೆಯ ಕೆಂಪು. ಹಲ್ಲು ಬೆಳ್ಳಗೆ ಕಾಣುತ್ತವೆ ಅನ್ನುವುದು ನಿಜ. ಇದು ರೆಟ್ರೋ ಮ್ಯಾಟ್ (ಹೊಳಪಿಲ್ಲದ) ಬಗೆ, ಅಂದರೆ ಎಣ್ಣೆ ಕಡಿಮೆ, ಬಣ್ಣದ ಪುಡಿ ಹೆಚ್ಚು, ಆದ್ದರಿಂದ ತುಟಿ ಮೇಲೆ ಜಾರುವುದಿಲ್ಲ, ಎಳೆಯುತ್ತದೆ. ಲಿಪ್ ಬಾಮ್ ಹಚ್ಚಿ, ಹದಿನೈದು ನಿಮಿಷ ಬಿಟ್ಟು, ಅದನ್ನು ಒರೆಸಿ ಆಮೇಲೆ ಹಚ್ಚಿ. ಒರೆಸುವುದನ್ನು ಮರೆತರೆ ಮ್ಯಾಟ್ ಆಗುವುದೇ ಇಲ್ಲ. ದಿನಾ ಹಚ್ಚುವ ಬಣ್ಣವಲ್ಲ ಇದು, ಆದರೆ ಇದಿಲ್ಲದ ಡ್ರಾಯರ್ ನನಗೆ ಖಾಲಿ ಡ್ರಾಯರ್.

ದಿನಪೂರ್ತಿ ನಿಲ್ಲಬೇಕು ಅಂದರೆ ಮೇಬಲಿನ್ ಸೂಪರ್‌ಸ್ಟೇ ಮ್ಯಾಟ್ ಇಂಕ್. 16 ಗಂಟೆ ಎಂದು ಕಂಪನಿ ಹೇಳುತ್ತದೆ. ನಾನು ಅಷ್ಟು ಹೊತ್ತು ಬಿಟ್ಟಿಲ್ಲ, ಹತ್ತು ಗಂಟೆಗೆ ನಾನೇ ದಣಿಯುತ್ತೇನೆ, ಅದು ದಣಿದಿರುವುದಿಲ್ಲ. ಇದರ ಗುಟ್ಟು ಇಷ್ಟು: ಐಸೊಡೊಡೆಕೇನ್ ಅನ್ನುವ ದ್ರವ ಹಾರಿಹೋಗುತ್ತದೆ, ಸಿಲಿಕೋನ್ ಜಾತಿಯ ಒಂದು ರಾಳ ಬಣ್ಣವನ್ನು ಹಿಡಿದುಕೊಂಡು ಪೊರೆಯಾಗಿ ನಿಲ್ಲುತ್ತದೆ. ಆ ಪೊರೆಗೆ ನೀರಿನ ಭಯವಿಲ್ಲ, ಎಣ್ಣೆಯ ಭಯವಿದೆ. ಎಣ್ಣೆ ಜಾಸ್ತಿಯಿರುವ ಊಟ ಮಾಡಿದರೆ ಒಳತುಟಿಯಿಂದ ಬಿಡುತ್ತದೆ. ರಾತ್ರಿ ತೆಗೆಯಲು ನೀರು, ಸೋಪು ಹಾಕಿ ತಿಕ್ಕುತ್ತಾ ಕೂರುವ ಬದಲು ನಾಲ್ಕು ಹನಿ ಎಣ್ಣೆ ಸಾಕು. ಒಂದೇ ತೆಳು ಪದರ, ತುಟಿ ಬಿಚ್ಚಿಕೊಂಡು ಎರಡು ನಿಮಿಷ, ಅಷ್ಟೇ. ಮೇಲೊಂದು ಪದರ ಹಾಕಿದರೆ ಯಾವ ಲಿಕ್ವಿಡ್ ಲಿಪ್‌ಸ್ಟಿಕ್ಕೂ ಸಿಪ್ಪೆ ಏಳುತ್ತದೆ.

ಹಳೆಯ ಲಿಪ್‌ಸ್ಟಿಕ್ ಬಗ್ಗೆ ಕೇಳುವವರಿಗೆ: ದಿನಾಂಕಕ್ಕಿಂತ ಮೂಗನ್ನು ನಂಬಿ. ಕಡ್ಡಿ ಲಿಪ್‌ಸ್ಟಿಕ್‌ಗಳಲ್ಲಿ ಹರಳೆಣ್ಣೆ, ಮೇಣ ಇರುತ್ತವೆ. ಎಣ್ಣೆ ಕೆಟ್ಟರೆ ಕಮಟು ವಾಸನೆ ಬರುತ್ತದೆ. ಬಂದರೆ ಎಸೆಯಿರಿ. ಸಸ್ಯಾಹಾರಿಗಳು ಪದಾರ್ಥಗಳ ಪಟ್ಟಿಯಲ್ಲಿ ಕಾರ್ಮೈನ್ ಅಥವಾ ಸಿಐ 75470 ಇದೆಯೇ ನೋಡಿಕೊಳ್ಳಿ. ಅದು ಕೊಚಿನೀಲ್ ಎಂಬ ಹುಳದಿಂದ ತೆಗೆದ ಕೆಂಪು. ನನ್ನ ಗೆಳತಿಯೊಬ್ಬಳು ಎಂಟು ವರ್ಷ ಹಚ್ಚಿದ ಮೇಲೆ ಇದನ್ನು ಓದಿ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದಳು, ನಾನೇ ಹುಳ ಹಿಡಿದು ತಂದವಳ ಹಾಗೆ.

ಪೌಡರ್ ಕಥೆ ಚಿಕ್ಕದು, ಆದರೆ ಫೋಟೋದಲ್ಲಿ ಶಾಶ್ವತವಾಗಿ ಉಳಿದಿದೆ. ಬಣ್ಣವೇ ಇಲ್ಲದ ಬಿಳಿ ಸೆಟಿಂಗ್ ಪೌಡರ್ (ಮೇಕಪ್ ಕದಲದಂತೆ ಮೇಲೆ ಹಾಕುವ ಪುಡಿ) ಒಂದನ್ನು ಕಣ್ಣಿನ ಕೆಳಗೆ ಧಾರಾಳವಾಗಿ ಹಾಕಿಕೊಂಡು ಒಂದು ಸಮಾರಂಭಕ್ಕೆ ಹೋದೆ. ಕನ್ನಡಿಯಲ್ಲಿ ಏನೂ ಕಾಣಲಿಲ್ಲ. ಫ್ಲ್ಯಾಶ್ ಹೊಡೆದ ಫೋಟೋಗಳಲ್ಲೆಲ್ಲ ಕಣ್ಣ ಕೆಳಗೆ ಸುಣ್ಣ ಬಳಿದ ಎರಡು ಅರ್ಧಚಂದ್ರ. ಸಿಲಿಕಾದಂಥ ನುಣುಪು ಪುಡಿ ಫ್ಲ್ಯಾಶ್ ಬೆಳಕನ್ನು ನೇರ ಕ್ಯಾಮೆರಾಕ್ಕೇ ವಾಪಸ್ ಎಸೆಯುತ್ತದೆ. ಈಗ ಏನೇ ಹೊಸ ಪೌಡರ್ ತಂದರೂ ಮೊದಲು ಕತ್ತಲೆ ಕೋಣೆಯಲ್ಲಿ ಫೋನ್ ಫ್ಲ್ಯಾಶ್ ಹಾಕಿ ಒಂದು ಫೋಟೋ. ಸದ್ಯ ಬಳಸುತ್ತಿರುವುದು ಲಾರಾ ಮರ್ಸಿಯೆ ಲೂಸ್ ಸೆಟಿಂಗ್ ಪೌಡರ್, ಅದರ ಹನಿ, ಅಂದರೆ ಜೇನು ಬಣ್ಣದ ಶೇಡ್. ಮೂಗಿನ ಪಕ್ಕ, ಹಣೆ ಮಧ್ಯ, ಗದ್ದ. ಉಳಿದ ಕಡೆ ಇಲ್ಲ. 29 ಗ್ರಾಂ ಡಬ್ಬಿ ಎರಡು ವರ್ಷ ದಾಟಿದರೂ ತಳ ಕಂಡಿಲ್ಲ, ಆದರೂ ಈ ಪಟ್ಟಿಗೆ ಸೇರಿಸಿದ್ದೇನೆ. ನನ್ನ ನಿಯಮ ನಾನೇ ಮುರಿಯಬಹುದು.

ಬ್ಲಶ್‌ನಲ್ಲಿ (ಕೆನ್ನೆಗೆ ಹಚ್ಚುವ ಬಣ್ಣ) ಎಲ್ಲರೂ ಹೊಗಳುವ ತಿಳಿ ಪೀಚ್, ತಿಳಿ ಗುಲಾಬಿ ನನ್ನಂಥ ಚರ್ಮದ ಮೇಲೆ ಬೂದಿ ಬಳಿದ ಹಾಗೆ ಕೂರುತ್ತವೆ. ತಿಳಿ ಬಣ್ಣ ಬರಲು ಬಿಳಿ ಟೈಟಾನಿಯಂ ಡೈಆಕ್ಸೈಡ್ ಸೇರಿಸಿರುತ್ತಾರೆ, ಕಾಣುವುದು ಅದೇ. ಗಾಢ ಚರ್ಮಕ್ಕೆ ಡಬ್ಬಿಯಲ್ಲಿ ಹೆದರಿಸುವ ಬಣ್ಣಗಳೇ ಮುಖದಲ್ಲಿ ಚೆಂದ. ಮ್ಯಾಕ್‌ನ ರೇಸಿನ್ ಕೆಂಗಂದು ಪುಡಿ, ಬ್ರಷ್ ಒಮ್ಮೆ ತಾಗಿಸಿದರೆ ಸಾಕು. ಎರಡು ವರ್ಷಕ್ಕೆ ಮಧ್ಯದಲ್ಲಿ ತಗಡು ಇಣುಕಿದೆ.

ಕಣ್ಣರೆಪ್ಪೆಗೆ ಹಚ್ಚುವ ಐಶ್ಯಾಡೋ ಪ್ಯಾಲೆಟ್ ಬಗ್ಗೆ ಒಂದೇ ಸಾಲು: ಹದಿನೆಂಟು ಬಣ್ಣದ ಡಬ್ಬಿಯಲ್ಲಿ ನಾನು ಮುಗಿಸಿದ್ದು ಮೂರು ಕಂದು. ಮೂಗಿಗಿಂತ ಮೂಗುತಿ ಭಾರ. ಬಿಡಿ ಬಣ್ಣ ಕೊಳ್ಳಿ.

ಕಣ್ಣಿನ ವಿಷಯದಲ್ಲಿ ನಾನು ಈಗ ಜಿಪುಣಿ ಅಲ್ಲ. ರೆಪ್ಪೆಗೂದಲಿಗೆ ಹಚ್ಚುವ ಒಂದು ಮಸ್ಕಾರಾವನ್ನು ಹತ್ತು ತಿಂಗಳು ಎಳೆದಾಡಿ, ಒಣಗಿದ್ದಕ್ಕೆ ಎರಡು ಹನಿ ನೀರು ಹಾಕಿ ಜಾಣತನ ಮಾಡಿದ್ದೆ. ರೆಪ್ಪೆಯಂಚಿನಲ್ಲಿ ನೋವಿನ ಗುಳ್ಳೆ ಎದ್ದು ಒಂದು ವಾರ ಕಣ್ಣು ಅರ್ಧ ಮುಚ್ಚಿಕೊಂಡೇ ಇದ್ದೆ. ಗುಳ್ಳೆಗೆ ಮಸ್ಕಾರಾವೇ ಕಾರಣ ಎಂದು ಆಣೆ ಮಾಡಿ ಹೇಳಲಾರೆ, ಆದರೆ ಬ್ರಷ್ ಪ್ರತಿದಿನ ಕಣ್ಣಿನಿಂದ ಟ್ಯೂಬಿಗೆ, ಟ್ಯೂಬಿನಿಂದ ಕಣ್ಣಿಗೆ ಓಡಾಡುವ ವಸ್ತು, ನೀರು ಹಾಕಿದರೆ ಕೀಟಾಣು ತಡೆಯುವ ಅಂಶವೂ ತೆಳುವಾಗುತ್ತದೆ. ಮೂರು ತಿಂಗಳಿಗೆ ಎಸೆಯುತ್ತೇನೆ, ಒಳಗೆ ಉಳಿದಿದ್ದರೂ. ಬ್ರಷ್ ಒಳಗೆ ಹೊರಗೆ ಕುಟ್ಟಬೇಡಿ, ಗಾಳಿ ತುಂಬಿ ಬೇಗ ಒಣಗುತ್ತದೆ, ತಿರುಗಿಸಿ ತೆಗೆಯಿರಿ. ನನ್ನ ಆಯ್ಕೆ ಕ್ಲಿನಿಕ್ ಲ್ಯಾಶ್ ಪವರ್. ಇದು ರೆಪ್ಪೆಗೂದಲಿಗೆ ಪುಟ್ಟ ಕೊಳವೆಯಂತೆ ಸುತ್ತಿಕೊಳ್ಳುವ ಜಾತಿ: ಬೆವರಿಗೆ, ಎಣ್ಣೆಗೆ ಹರಡುವುದಿಲ್ಲ, ಬೆಚ್ಚಗಿನ ನೀರಿಗೆ ಮಾತ್ರ ಎಳೆಎಳೆಯಾಗಿ ಜಾರಿ ಬರುತ್ತದೆ. ಮೊದಲ ಸಲ ಬೇಸಿನ್ನಿನಲ್ಲಿ ಆ ಕಪ್ಪು ಎಳೆಗಳನ್ನು ಕಂಡು ನನ್ನ ರೆಪ್ಪೆಯೇ ಉದುರಿತು ಎಂದು ಕಿರುಚಿದ್ದೆ.

ಕಾಜಲ್ ಪೆನ್ಸಿಲ್ ತಗೊಳ್ಳುವಾಗ ಚೂಪು ಮಾಡುವ ಬಗೆಯದನ್ನೇ ತಗೊಳ್ಳುತ್ತೇನೆ. ಪ್ರತಿ ಸಲ ಹೆರೆದಾಗ ಹೊಸ ತುದಿ ಸಿಗುತ್ತದೆ, ಹಳೆಯ ಕೊಳೆ ಹೋಗುತ್ತದೆ. ಕಣ್ಣೊಳಗೆ ಹಚ್ಚಿದ ಯಾವ ಕಾಜಲ್ಲೂ ಇಡೀ ದಿನ ನಿಲ್ಲದು, ಅಲ್ಲಿ ಯಾವಾಗಲೂ ಕಣ್ಣೀರಿದೆ. ಪದಾರ್ಥಗಳ ಪಟ್ಟಿಯೇ ಇಲ್ಲದ ಸುರ್ಮಾ ಪುಡಿ ಮಾತ್ರ ಬೇಡ. ಅಂಥವುಗಳಲ್ಲಿ ಸೀಸ ಇರುವುದು ಪರೀಕ್ಷೆಗಳಲ್ಲಿ ಎಷ್ಟೋ ಸಲ ಕಂಡಿದೆ.

ಇನ್ನು ಫೌಂಡೇಶನ್ ಹಚ್ಚುವ ಸ್ಪಂಜ್. ಅಂಚಿಲ್ಲದ ಮೊಟ್ಟೆಯಾಕಾರದ ಈ ಸ್ಪಂಜನ್ನು ಬ್ಯೂಟಿಬ್ಲೆಂಡರ್ ಹೆಸರಲ್ಲಿ ತಂದವರು ಮೇಕಪ್ ಕಲಾವಿದೆ ರೇ ಆ್ಯನ್ ಸಿಲ್ವಾ. ಎಚ್‌ಡಿ ಕ್ಯಾಮೆರಾದಲ್ಲಿ ಫೌಂಡೇಶನ್ನಿನ ಗೆರೆ ಕಾಣಬಾರದೆಂದು ಸ್ಪಂಜುಗಳನ್ನು ಕೈಯಾರೆ ಕತ್ತರಿಸಿಕೊಳ್ಳುತ್ತಿದ್ದವರು. ನೆನೆಸಿ, ಹಿಂಡಿ, ಒತ್ತಿ ಒತ್ತಿ ಹಚ್ಚಬೇಕು, ಉಜ್ಜಬಾರದು. ಒಣ ಸ್ಪಂಜ್ ಅರ್ಧ ಫೌಂಡೇಶನ್ ಕುಡಿದುಬಿಡುತ್ತದೆ. ಒಮ್ಮೆ ಕುತೂಹಲಕ್ಕೆ ನನ್ನ ಒಂದು ಹಳೆಯ ಅಗ್ಗದ ಸ್ಪಂಜನ್ನು ಮಧ್ಯಕ್ಕೆ ಕೊಯ್ದೆ. ಹೊರಗೆ ತೊಳೆದು ಗುಲಾಬಿಯಾಗಿದ್ದದ್ದು ಒಳಗೆ ಕಪ್ಪು ಚುಕ್ಕೆಚುಕ್ಕೆ ಬೂಷ್ಟು. ಆ ದಿನವೇ ಮನೆಯಲ್ಲಿದ್ದ ಮೂರನ್ನೂ ಎಸೆದೆ. ಈಗ ಬಳಸಿದ ಪ್ರತಿ ಸಲ ತೊಳೆಯುತ್ತೇನೆ, ಗಾಳಿಯಲ್ಲಿ ಒಣಗಿಸುತ್ತೇನೆ, ಮುಚ್ಚಿದ ಡಬ್ಬಿಗೆ ಹಾಕುವುದಿಲ್ಲ, ಮೂರು ತಿಂಗಳಿಗೆ ಹೊಸದು.

ಡಬ್ಬಿಯ ಹಿಂದೆ ತೆರೆದ ಮುಚ್ಚಳದ ಪುಟ್ಟ ಚಿತ್ರದಲ್ಲಿ 6ಎಂ, 12ಎಂ ಅಂತ ಬರೆದಿರುತ್ತದಲ್ಲ, ಅದು ತೆರೆದ ಮೇಲಿನ ತಿಂಗಳ ಲೆಕ್ಕ. ತೆರೆದದ್ದು ಯಾವಾಗ ಎಂದು ಯಾರಿಗೆ ನೆನಪಿರುತ್ತದೆ? ಪ್ರತಿ ಡಬ್ಬಿಯ ತಳಕ್ಕೆ ಚಿಕ್ಕ ಚೀಟಿ ಅಂಟಿಸಿ ತಿಂಗಳು, ವರ್ಷ ಬರೆಯುತ್ತೇನೆ. "ಹೈಪೊಅಲರ್ಜೆನಿಕ್" (ಅಲರ್ಜಿ ತರುವುದು ಕಡಿಮೆ) ಅನ್ನುವ ಪದಕ್ಕೆ ಮಾತ್ರ ನಾನು ಬೆಲೆ ಕೊಡುವುದಿಲ್ಲ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪ್ರಕಾರವೇ ಆ ಪದಕ್ಕೆ ಕಾನೂನಿನ ವ್ಯಾಖ್ಯೆಯಿಲ್ಲ. ಕಿವಿಯ ಹಿಂದೆ ಎರಡು ದಿನ ಹಚ್ಚಿ ನೋಡುವುದೇ ನನ್ನ ಪರೀಕ್ಷೆ.

ಬ್ಲ್ಯಾಕ್ ಹನಿ ಈಗ ಕೊಳವೆಯ ಅಂಚಿಗಿಂತ ಕೆಳಗೆ ಹೋಗಿದೆ. ಲಿಪ್ ಬ್ರಷ್ ತೂರಿಸಿ ಕೆದಕಿ ಹಚ್ಚುತ್ತಿದ್ದೇನೆ, ಇನ್ನೊಂದು ತಿಂಗಳಿಗಾಗುವಷ್ಟು ಒಳಗಿದೆ. ನಾಲ್ಕನೆಯದು ತಂದು ಡ್ರಾಯರ್‌ನ ಹಿಂದೆ ಇಟ್ಟಿದ್ದೆ. ನಿನ್ನೆ ನೋಡಿದರೆ ಪೆಟ್ಟಿಗೆ ಇದೆ, ಒಳಗಿನದು ತಂಗಿಯ ಬ್ಯಾಗಿನಲ್ಲಿ.