ಲ್ಯಾಬ್ರಡಾರ್ ಮಂಡಿಯ ಲಿಗಮೆಂಟ್ ಹರಿದರೆ: ದಾರವೋ, ಪ್ಲೇಟೋ?

ನಿಮ್ಮ ಲ್ಯಾಬ್ರಡಾರ್ ಕುಂಟುತ್ತಿದೆ, ಕೂತಾಗ ಒಂದು ಹಿಂಗಾಲು ಪಕ್ಕಕ್ಕೆ ಚಾಚುತ್ತದೆ, ನಿಂತಾಗ ಬೆರಳ ತುದಿಯಷ್ಟೇ ನೆಲಕ್ಕೆ ತಾಗುತ್ತದೆ, ಅಲ್ವಾ? ದೊಡ್ಡ ನಾಯಿಗಳಲ್ಲಿ ಇದು ಹೆಚ್ಚಾಗಿ ಮಂಡಿಚಿಪ್ಪಿನ ತೊಂದರೆಯಲ್ಲ, ಒಳಗಿನ ಕ್ರೂಸಿಯೇಟ್ ಲಿಗಮೆಂಟ್ (ಮಂಡಿಯ ಮೇಲಿನ, ಕೆಳಗಿನ ಮೂಳೆಗಳನ್ನು ಹಿಡಿದಿಡುವ ಗಟ್ಟಿ ಪಟ್ಟಿ) ಹರಿದಿರುವುದು. ಎಕ್ಸ್‌ರೇ ತೆಗೆಸಿ.

ದಾರದ ಆಪರೇಷನ್‌ನಲ್ಲಿ ಕೀಲಿನ ಹೊರಗಡೆ ಗಟ್ಟಿ ನೈಲಾನ್ ಬಿಗಿಯುತ್ತಾರೆ. ಖರ್ಚು ಕಡಿಮೆ. 10 ಕೆಜಿ ನಾಯಿಗೆ ಸಾಕು. 35 ಕೆಜಿಯ ಲ್ಯಾಬ್ರಡಾರ್‌ಗೆ ಅದು ಸಡಿಲವಾಗುವ, ತುಂಡಾಗುವ ಭಯ ಜಾಸ್ತಿ.

ಪ್ಲೇಟಿನ ಆಪರೇಷನ್, ಅಂದರೆ ಟಿಪಿಎಲ್‌ಒದಲ್ಲಿ, ಮಂಡಿಯ ಕೆಳಗಿನ ಮೂಳೆಯ ತಲೆಭಾಗವನ್ನು ಕಮಾನಿನಂತೆ ಕತ್ತರಿಸಿ, ತಿರುಗಿಸಿ, ಪ್ಲೇಟ್, ಸ್ಕ್ರೂ ಹಾಕುತ್ತಾರೆ. ಆ ಮೂಳೆಯ ಮೇಲ್ಮೈಯ ಇಳಿಜಾರು ಸುಮಾರು 5 ಡಿಗ್ರಿಗೆ ಇಳಿಯುತ್ತದೆ. ಆಗ ಲಿಗಮೆಂಟ್ ಇಲ್ಲದೆಯೂ ನಡೆಯುವಾಗ ಮಂಡಿ ಜಾರುವುದಿಲ್ಲ. ದುಬಾರಿ, ಪಳಗಿದ ಕೈಯೇ ಬೇಕು. ಆದರೂ ದೊಡ್ಡ ನಾಯಿಗೆ ನಾನು ಹೇಳುವುದು ಇದನ್ನೇ.

ಯಾವುದೇ ಆದರೂ 8–12 ವಾರ ಕತ್ತಿಗೆ ಬೆಲ್ಟ್ ಹಾಕಿ, ಹಿಡಿದುಕೊಂಡೇ ನಡೆಸಿ. ಸೋಫಾ, ಮೆಟ್ಟಿಲು ಬೇಡ. ಟೈಲ್ಸ್ ಮೇಲೆ ರಬ್ಬರ್ ಮ್ಯಾಟ್ ಹಾಸಿ, ಪಾಪ, ಕಾಲು ಜಾರುತ್ತದೆ.