ವಿಂಡೋಸ್‌ನ ಸೆಟ್‌ಎಕ್ಸ್: ಸಣ್ಣ ಕೆಲಸಕ್ಕೆ ಸರಿ, ಪಾತ್‌ಗೆ ಬೇಡ

ಸೆಟ್ ಆಜ್ಞೆಯಿಂದ ಕೊಟ್ಟ ಎನ್ವಿರಾನ್‌ಮೆಂಟ್ ವೇರಿಯಬಲ್ (ಪ್ರೋಗ್ರಾಂಗಳು ಓದಿಕೊಳ್ಳುವ, ಹೆಸರಿಟ್ಟ ಮೌಲ್ಯ) ಆ ಕಮಾಂಡ್ ವಿಂಡೋ ಮುಚ್ಚಿದೊಡನೆ ಇಲ್ಲವಾಗುತ್ತದೆ. ಸೆಟ್‌ಎಕ್ಸ್ ಆಜ್ಞೆ ಅದನ್ನು ವಿಂಡೋಸ್ ಸೆಟ್ಟಿಂಗ್‌ಗಳ ಭಂಡಾರವಾದ ರಿಜಿಸ್ಟ್ರಿಯಲ್ಲಿ ಬರೆದು ಶಾಶ್ವತಗೊಳಿಸುತ್ತದೆ. ಹೆಸರನ್ನೂ ಮೌಲ್ಯವನ್ನೂ ಕೊಟ್ಟರೆ ಸಾಕು, ಕೆಲಸ ಮುಗಿಯಿತು. ಆದರೆ ಹೊಸ ಮೌಲ್ಯ ಕಾಣಿಸುವುದು ಮುಂದೆ ತೆರೆಯುವ ವಿಂಡೋಗಳಲ್ಲಿ ಮಾತ್ರ. ಸ್ಕ್ರಿಪ್ಟ್‌ನ ಮರುಸಾಲಿನಲ್ಲೇ ಅದು ಬೇಕಿದ್ದರೆ ಸೆಟ್ ಆಜ್ಞೆಯನ್ನೂ ಬರೆಯಲೇಬೇಕು.

ನನ್ನ ನಿಜವಾದ ಆಕ್ಷೇಪಣೆ ಇರುವುದು ಪಾತ್ ವಿಷಯದಲ್ಲಿ, ಅಂದರೆ ಪ್ರೋಗ್ರಾಂಗಳನ್ನು ಹುಡುಕಬೇಕಾದ ಫೋಲ್ಡರ್‌ಗಳ ಪಟ್ಟಿ ಇರುವ ವೇರಿಯಬಲ್ ವಿಷಯದಲ್ಲಿ. ಹಳೆಯ ಪಾತ್‌ನ ಹೆಸರನ್ನು ಶೇಕಡಾ ಚಿಹ್ನೆಗಳ ನಡುವೆ ಇಟ್ಟು ಅದಕ್ಕೊಂದು ಫೋಲ್ಡರ್ ಜೋಡಿಸಲು ಹೊರಟರೆ, ಸೆಟ್‌ಎಕ್ಸ್‌ಗೆ ತಲುಪುವ ಮೊದಲೇ ಕಮಾಂಡ್ ಪ್ರಾಂಪ್ಟ್ ಅದನ್ನು ವಿಸ್ತರಿಸಿಬಿಡುತ್ತದೆ, ಅಂದರೆ ಹೆಸರಿನ ಜಾಗದಲ್ಲಿ ಅದರ ಮೌಲ್ಯವನ್ನೇ ಇಟ್ಟುಬಿಡುತ್ತದೆ. ಹೀಗೆ ಸಿಸ್ಟಮ್‌ನ ಪಾತ್ ಮತ್ತು ಬಳಕೆದಾರರ ಪಾತ್ ಎರಡೂ ಬೆರೆತು ಒಂದೇ ಕಡೆ ಬಂದು ಕೂರುತ್ತವೆ. ಅಷ್ಟೇ ಅಲ್ಲ, 1024 ಅಕ್ಷರಗಳನ್ನು ಮೀರಿದ ಭಾಗವನ್ನು ಆಜ್ಞೆ ಕತ್ತರಿಸಿ ಹಾಕುತ್ತದೆ. ವಿಂಡೋಸ್ ಒಂದು ವೇರಿಯಬಲ್‌ಗೆ 32,767 ಅಕ್ಷರಗಳವರೆಗೆ ಅವಕಾಶ ಕೊಡುವಾಗ ಈ ಜಿಪುಣತನ ಏಕೋ!

ಮೈಕ್ರೋಸಾಫ್ಟ್‌ನ ಪ್ರೋಗ್ರಾಮಿಂಗ್ ವೇದಿಕೆಯಾದ ಡಾಟ್‌ನೆಟ್‌ನ ಸೆಟ್‌ಎನ್ವಿರಾನ್‌ಮೆಂಟ್‌ವೇರಿಯಬಲ್ ಎಂಬ ಫಂಕ್ಷನ್ ಅನ್ನು ವಿಂಡೋಸ್‌ನ ಇನ್ನೊಂದು ಆಜ್ಞಾ ಸಾಧನವಾದ ಪವರ್‌ಶೆಲ್‌ನಿಂದ ಕರೆದರೆ ಈ ಕತ್ತರಿಯಿಂದ ಪಾರಾಗಬಹುದಾದರೂ, ಅದು ಮೌಲ್ಯವನ್ನು ಸಾಮಾನ್ಯ ಸ್ಟ್ರಿಂಗ್ ಆಗಿ ಬರೆಯುವುದರಿಂದ ಒಳಗಿರುವ ಇತರ ವೇರಿಯಬಲ್‌ಗಳ ಉಲ್ಲೇಖಗಳು ಮುಂದೆ ವಿಸ್ತಾರಗೊಳ್ಳುವುದಿಲ್ಲ. ಆದ್ದರಿಂದ ಪಾತ್‌ನ ಮಟ್ಟಿಗೆ, ರಿಜಿಸ್ಟ್ರಿಯಿಂದ ಮೌಲ್ಯವನ್ನು ವಿಸ್ತರಿಸದೆ ಓದಿ, ವಿಸ್ತರಿಸಬಲ್ಲ ಸ್ಟ್ರಿಂಗ್ ಎಂಬ ಮಾದರಿಯಲ್ಲೇ ಮರಳಿ ಬರೆದು, ಸೆಟ್ಟಿಂಗ್ ಬದಲಾಯಿತೆಂಬ ಸಂದೇಶವನ್ನು ಇತರ ವಿಂಡೋಗಳಿಗೆ ಕಳಿಸುವ ದೀರ್ಘ ದಾರಿಯನ್ನೇ ನಾನು ಆರಿಸಿಕೊಳ್ಳುತ್ತೇನೆ.